ಎಲ್ಲ ಪಾತ್ರಕ್ಕೂ ಒಂದೇ ಮೈ ಯಾಕೆ? ಬೇರೆ ಬೇರೆ ಮೈಕಟ್ಟು ಬರೆಯಲು ಯಾವ ದಾರಿ ಯಾರಿಗೆ ಹೊಂದುತ್ತದೆ

ನೀವು ಚಿತ್ರ ಬರೆದ ಐದಾರು ಪಾತ್ರಗಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿ. ಮುಖದ ಮೇಲೆ ಒಂದು ಕಾಗದ ಇಟ್ಟು ಮುಚ್ಚಿ. ಮೈಗೆಲ್ಲ ಕಪ್ಪು ಬಳಿಯಿರಿ. ಈಗ ಅಜ್ಜಿ ಯಾರು, ಕಾಲೇಜು ಹುಡುಗ ಯಾರು, ಪೈಲ್ವಾನ ಯಾರು ಅಂತ ಗುರುತು ಸಿಗುತ್ತಾ? ಬಹಳ ಸಲ ಸಿಗುವುದಿಲ್ಲ. ಕೂದಲು, ಕನ್ನಡಕ, ಬಟ್ಟೆ ಬೇರೆ ಇರುತ್ತವೆ. ಒಳಗಿನ ಮೈ ಮಾತ್ರ ಒಂದೇ. ಗಂಡಸರಿಗೆಲ್ಲ ಅದೇ ಅಗಲ ಭುಜ, ಹೆಂಗಸರಿಗೆಲ್ಲ ಅದೇ ಸಣ್ಣ ನಡು.

ಇದಕ್ಕೆ ಕಾರಣ ನಾವು ಕಲಿಯುವ ರೀತಿ. ಮೊದಲು ಒಂದು ಮಾದರಿ ಗೊಂಬೆ ಬರೆಯಲು ಕಲಿಯುತ್ತೇವೆ. ದಪ್ಪ ಪಾತ್ರ ಬೇಕಾದಾಗ ಅದನ್ನೇ ಅಡ್ಡಕ್ಕೆ ಎಳೆಯುತ್ತೇವೆ. ಎತ್ತರ ಬೇಕಾದಾಗ ಉದ್ದಕ್ಕೆ ಎಳೆಯುತ್ತೇವೆ. ಮಗು ಬೇಕಾದರೆ ಚಿಕ್ಕದು ಮಾಡುತ್ತೇವೆ. ಅಡ್ಡಕ್ಕೆ ಎಳೆದ ಗೊಂಬೆಯಲ್ಲಿ ಮಣಿಕಟ್ಟು, ಮೂಗು, ಮೊಣಕಾಲು ಎಲ್ಲವೂ ಒಂದೇ ಲೆಕ್ಕದಲ್ಲಿ ಅಗಲವಾಗುತ್ತವೆ. ನಿಜವಾದ ದಪ್ಪ ಮನುಷ್ಯರಲ್ಲಿ ಕೆಲವು ಜಾಗ ತುಂಬಿಕೊಂಡಿರುತ್ತವೆ, ಕೆಲವು ಜಾಗ ತೆಳ್ಳಗೇ ಉಳಿದಿರುತ್ತವೆ. ಆ ವ್ಯತ್ಯಾಸ ಕಣ್ಣಿಗೆ ಬೀಳದಿದ್ದರೆ ಎಷ್ಟು ಎಳೆದರೂ ಅದು ಎಳೆದ ಗೊಂಬೆಯೇ.

ಬೇರೆ ಬೇರೆ ಮೈಕಟ್ಟು ಬರೆಯಲು ಕಲಾವಿದರು ಮುಖ್ಯವಾಗಿ ಐದು ದಾರಿ ಹಿಡಿಯುತ್ತಾರೆ. ತಲೆ ಲೆಕ್ಕ, ಆಕಾರದ ಭಾಷೆ, ಎಲುಬಿನಿಂದ ಕಟ್ಟುವುದು, ಜನರನ್ನು ನೋಡಿ ಬರೆಯುವುದು, ಕಂಪ್ಯೂಟರಿನ ತ್ರೀಡಿ ಗೊಂಬೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಮಯ ಇರುವುದು ಒಂದೇ ದಾರಿಗೆ ಅಂದರೆ ಎಲುಬಿನಿಂದ ಕಟ್ಟುವುದನ್ನು ಕಲಿಯಿರಿ. ಎರಡಕ್ಕೆ ಸಮಯ ಇದ್ದರೆ ಅದರ ಜೊತೆ ಜನರನ್ನು ನೋಡಿ ಬರೆಯಿರಿ. ಉಳಿದ ಮೂರೂ ಉಪಯೋಗಕ್ಕೆ ಬರುತ್ತವೆ, ಆದರೆ ಇವೆರಡರ ಜಾಗ ತುಂಬುವುದಿಲ್ಲ.

ತಲೆ ಲೆಕ್ಕ

ತಲೆಯ ಎತ್ತರವನ್ನೇ ಅಳತೆಗೋಲು ಮಾಡಿಕೊಂಡು ಇಡೀ ಮೈ ಅಳೆಯುವುದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಅಮೆರಿಕದ ಚಿತ್ರಕಾರ ಆಂಡ್ರ್ಯೂ ಲೂಮಿಸ್ 1943ರಲ್ಲಿ ಕೊಟ್ಟ ಚಾರ್ಟ್ ಇವತ್ತಿಗೂ ಎಷ್ಟೋ ಯೂಟ್ಯೂಬ್ ಪಾಠಗಳ ಹಿಂದೆ ಇದೆ. ಅದರಲ್ಲಿ ಸಾಧಾರಣ ಮೈಗೆ ಏಳೂವರೆ ತಲೆ, ಆದರ್ಶ ಮೈಗೆ ಎಂಟು, ಫ್ಯಾಷನ್ ಚಿತ್ರಕ್ಕೆ ಎಂಟೂವರೆ, ವೀರನಿಗೆ ಒಂಬತ್ತು. ಹೀಗೆ ನಾಲ್ಕು ಅಳತೆ ಇದ್ದರೂ ಜನ ನೆನಪಿಟ್ಟುಕೊಂಡದ್ದು ಎಂಟು ಅನ್ನುವ ಸಂಖ್ಯೆಯನ್ನು ಮಾತ್ರ.

ನಮ್ಮ ಶಿಲ್ಪಿಗಳ ತಾಲಮಾನ ಕೂಡ ಇದೇ ಜಾತಿಯ ಲೆಕ್ಕ. ಒಂದು ತಾಲಕ್ಕೆ ಹನ್ನೆರಡು ಅಂಗುಲ. ನವತಾಲದ ಮೂರ್ತಿ 108 ಅಂಗುಲ. ಮುಖ 12, ಕತ್ತು 4, ಅಲ್ಲಿಂದ ಎದೆಗೆ 12, ಎದೆಯಿಂದ ಹೊಕ್ಕುಳಿಗೆ 12, ಅಲ್ಲಿಂದ ಕಾಲು ಕವಲೊಡೆಯುವವರೆಗೆ 12, ತೊಡೆ 24, ಮಂಡಿ 4, ಕೆಳಗಾಲು 24, ಪಾದ 4. ಕೂಡಿ ನೋಡಿ, ಸರಿಯಾಗಿ 108 ಬರುತ್ತದೆ. ಇಲ್ಲಿ ಒಂದು ತಾಲ ಅಂದರೆ ಹಣೆಯ ಕೂದಲಂಚಿನಿಂದ ಗದ್ದದವರೆಗಿನ ಮುಖ, ನೆತ್ತಿಯಿಂದ ಗದ್ದದವರೆಗಿನ ಪೂರ್ತಿ ತಲೆ ಅಲ್ಲ. ಅದಕ್ಕೇ ನವತಾಲವನ್ನು ಒಂಬತ್ತು ತಲೆ ಅಂತ ಓದಿಕೊಂಡು ಬರೆದರೆ ಮೈ ವಿಪರೀತ ಉದ್ದವಾಗುತ್ತದೆ.

ತಾಲಮಾನದಲ್ಲಿ ನನಗೆ ತುಂಬ ಇಷ್ಟವಾಗುವುದು ಅಳತೆ ಒಂದೇ ಅಲ್ಲ ಅನ್ನುವುದು. ವಿಷ್ಣು, ಶಿವನಂಥ ದೊಡ್ಡ ದೇವರಿಗೆ ದಶತಾಲ, ಗಣಪತಿಗೆ ಪಂಚತಾಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಭಾಗದಲ್ಲಿ ಗಂಡಸರನ್ನೇ ಐದು ಬಗೆ ಮಾಡಿದ್ದಾರೆ: ಹಂಸ 108 ಅಂಗುಲ, ಭದ್ರ 106, ಮಾಲವ್ಯ 104, ರುಚಕ 100, ಶಶಕ 90. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಕೂಡ ಹಾಗೇ ಯೋಚಿಸಿದವನು. 1528ರಲ್ಲಿ, ಅವನು ತೀರಿಕೊಂಡ ಮೇಲೆ ಹೊರಬಂದ ಪ್ರಮಾಣದ ಗ್ರಂಥದಲ್ಲಿ ತೆಳ್ಳಗಿನ, ದಪ್ಪಗಿನ, ಕುಳ್ಳಗಿನ, ಎತ್ತರದ ಮೈಗಳಿಗೆ ಬೇರೆ ಬೇರೆ ಅಳತೆ ಇದೆ. ಒಂದೇ ಅಳತೆ ಸಾಕು ಅನ್ನುವುದು ಹಳಬರ ಮಾತಲ್ಲ, ಅವಸರದಲ್ಲಿ ಕಲಿಸುವವರ ಮಾತು.

ತಲೆ ಲೆಕ್ಕ ಚೆನ್ನಾಗಿ ಕೆಲಸ ಮಾಡುವುದು ಎತ್ತರ ಮತ್ತು ವಯಸ್ಸಿನ ವಿಷಯದಲ್ಲಿ. ಹುಟ್ಟಿದ ಮಗು ಸುಮಾರು ನಾಲ್ಕು ತಲೆ ಉದ್ದ. ಐದಾರು ವರ್ಷಕ್ಕೆ ಹೆಚ್ಚುಕಡಿಮೆ ಐದೂವರೆಯಿಂದ ಆರು. ಹತ್ತು ವರ್ಷಕ್ಕೆ ಆರೂವರೆಯ ಹತ್ತಿರ. ದೊಡ್ಡವರಲ್ಲಿ ತಲೆಯ ಎತ್ತರ ಮೈಯ ಎತ್ತರದಷ್ಟು ಏರುಪೇರಾಗುವುದಿಲ್ಲ ಅನ್ನುವುದನ್ನು ಗಮನಿಸಿ. 152 ಸೆಂಟಿಮೀಟರಿನ ಹೆಂಗಸಿಗೆ ಇಪ್ಪತ್ತೊಂದೂವರೆ ಸೆಂಟಿಮೀಟರಿನ ತಲೆ ಅಂದುಕೊಂಡರೆ ಅವಳು ಏಳು ತಲೆ. 185 ಸೆಂಟಿಮೀಟರಿನ ಗಂಡಸಿಗೆ ಇಪ್ಪತ್ತಮೂರೂವರೆ ಅಂದುಕೊಂಡರೆ ಅವನು ಎಂಟಕ್ಕೆ ಸ್ವಲ್ಪ ಕಮ್ಮಿ. ಕುಳ್ಳಗಿನವರು ಅಂದರೆ ಎತ್ತರದವರನ್ನು ಇಡಿಯಾಗಿ ಕುಗ್ಗಿಸಿದ್ದಲ್ಲ, ಮೈಗೆ ಹೋಲಿಸಿದರೆ ಅವರ ತಲೆ ಕೊಂಚ ದೊಡ್ಡದು. ಗುಂಪು ಚಿತ್ರದಲ್ಲಿ ಇದೊಂದನ್ನು ಸರಿ ಮಾಡಿದರೂ ಜನ ಒಮ್ಮೆಲೇ ನಂಬುವ ಹಾಗೆ ಕಾಣುತ್ತಾರೆ.

ಇದರಿಂದ ಆಗದ ಕೆಲಸ ಒಂದಿದೆ. ಏಳು ತಲೆಯ ಇಬ್ಬರು ಹೆಂಗಸರಲ್ಲಿ ಒಬ್ಬಳು ಸಣಕಲು, ಇನ್ನೊಬ್ಬಳು ತುಂಬಿದ ಮೈಯವಳು ಇರಬಹುದು. ಲೆಕ್ಕ ಇಬ್ಬರಿಗೂ ಒಂದೇ. ಅಗಲ, ಮಾಂಸ, ನಿಲ್ಲುವ ಭಂಗಿ ಯಾವುದರ ಬಗ್ಗೆಯೂ ತಲೆ ಲೆಕ್ಕ ಬಾಯಿ ಬಿಡುವುದಿಲ್ಲ.

ಆಕಾರದ ಭಾಷೆ

ವೃತ್ತ ಅಂದರೆ ಮೃದು, ಚೌಕ ಅಂದರೆ ಗಟ್ಟಿ, ತ್ರಿಕೋನ ಅಂದರೆ ಚುರುಕು ಅಥವಾ ಅಪಾಯ. ಆನಿಮೇಷನ್ ಕಲಿಸುವ ಕಡೆಯೆಲ್ಲ ಹೇಳಿಕೊಡುವ ಪಾಠ ಇದು. ಬೇಗ ಕಲಿಯಬಹುದು. ದೂರದಿಂದಲೂ ಪಾತ್ರದ ಗುರುತು ಸಿಗುತ್ತದೆ. ಮಕ್ಕಳ ಪುಸ್ತಕಕ್ಕೆ, ಮೊಬೈಲ್ ಗೇಮಿನ ಪುಟ್ಟ ಪಾತ್ರಗಳಿಗೆ ಹೇಳಿ ಮಾಡಿಸಿದ ಹಾಗಿದೆ.

ಆದರೆ ನೈಜ ಮೈ ಬೇಕು ಅನ್ನುವವರು ಇದನ್ನು ಎಚ್ಚರದಿಂದ ಬಳಸಬೇಕು. ಕೈ ಪಳಗಿದ ಮೇಲೆ ದಪ್ಪ ಇರುವವನು ತಾನಾಗಿಯೇ ತಿಂಡಿಪೋತ ಆಗಿಬಿಡುತ್ತಾನೆ. ಮೂಳೆ ಕಾಣುವ ಹೆಂಗಸು ಗಯ್ಯಾಳಿ ಆಗುತ್ತಾಳೆ. ಗೂನು ಬೆನ್ನಿನವನು ಕೇಡಿಗ. ಇದು ಚಿತ್ರದ ತಪ್ಪಿಗಿಂತ ದೊಡ್ಡ ತಪ್ಪು. ದಪ್ಪ ಇರುವ ಹುಡುಗಿ ಓದುವ ಪುಸ್ತಕದಲ್ಲಿ ಅವಳಂಥ ಮೈ ಬರೀ ನಗಿಸಲಿಕ್ಕೇ ಬಂದರೆ ಅವಳಿಗೆ ಹೇಗನಿಸಬೇಕು? ನಿಮ್ಮ ಕಥೆಯಲ್ಲಿ ಒಬ್ಬರೇ ದಪ್ಪ ಇದ್ದು ಅವರೇ ಹಾಸ್ಯ ಪಾತ್ರ ಆಗಿದ್ದರೆ ಪೆನ್ಸಿಲ್ ಕೆಳಗಿಟ್ಟು ಒಂದು ಸಲ ಯೋಚಿಸಿ. ಡಾಕ್ಟರಿಗೆ, ನಾಯಕಿಗೆ, ಓಟಗಾರನಿಗೆ ಆ ಮೈ ಕೊಟ್ಟು ನೋಡಿ.

ಇದರ ಪಕ್ಕದಲ್ಲೇ ಇನ್ನೊಂದು ವಿಂಗಡಣೆ ಓಡಾಡುತ್ತಿದೆ: ಎಕ್ಟೊಮಾರ್ಫ್ (ತೆಳ್ಳನೆ ಮೈ), ಮೀಸೊಮಾರ್ಫ್ (ಕಟ್ಟುಮಸ್ತಾದ ಮೈ), ಎಂಡೊಮಾರ್ಫ್ (ದುಂಡಗಿನ ಮೈ). ಇದನ್ನು 1940ರಲ್ಲಿ ತಂದವರು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಶೆಲ್ಡನ್. ಮೈ ನೋಡಿ ಸ್ವಭಾವ ಹೇಳಬಹುದು ಅನ್ನುವುದು ಅವರ ವಾದವಾಗಿತ್ತು. ವಿಜ್ಞಾನ ಆ ವಾದವನ್ನು ಬಿಟ್ಟು ಬಹಳ ಕಾಲವಾಯಿತು. ಚಿತ್ರ ಬರೆಯುವವರಿಗೂ ಇದರಿಂದ ಜಾಸ್ತಿ ಲಾಭವಿಲ್ಲ. ಎಲುಬಿನ ಅಗಲ, ಮಾಂಸಖಂಡ, ಬೊಜ್ಜು ಮೂರನ್ನೂ ಕಲಸಿ ಮೂರೇ ಡಬ್ಬಿಗೆ ಹಾಕಿದರೆ ದೊಡ್ಡ ಎಲುಬಿನ ತೆಳ್ಳನೆ ಮನುಷ್ಯ ಎಲ್ಲಿಗೆ ಹೋಗಬೇಕು?

ಎಲುಬು ಮೊದಲು, ಮಾಂಸ ಆಮೇಲೆ

ಈ ದಾರಿಗೆ ಸಮಯ ಜಾಸ್ತಿ ಬೇಕು. ಆದರೆ ಒಮ್ಮೆ ಕೈಗೆ ಹತ್ತಿದರೆ ನೀವು ನೋಡಿರದ ಮೈಯನ್ನೂ ಬರೆಯಬಹುದು.

ಮೊದಲು ಮೂರು ಗಟ್ಟಿ ಭಾಗ ಇಡಿ: ತಲೆ, ಎದೆಗೂಡು, ಸೊಂಟದ ಎಲುಬು. ಇವು ಬಾಗುವುದಿಲ್ಲ, ಉಬ್ಬುವುದಿಲ್ಲ. ಎದೆಗೂಡು ಎಷ್ಟು ಅಗಲ, ಸೊಂಟ ಎಷ್ಟು ಅಗಲ, ಇವೆರಡರ ನಡುವೆ ಎಷ್ಟು ಜಾಗ, ಕಾಲು ಎಷ್ಟು ಉದ್ದ ಅನ್ನುವುದನ್ನು ಮಾಂಸ ಹಾಕುವ ಮೊದಲೇ ತೀರ್ಮಾನ ಮಾಡಿ. ಪಕ್ಕೆಲುಬಿಗೂ ಸೊಂಟಕ್ಕೂ ನಡುವೆ ಜಾಗ ತೀರಾ ಕಮ್ಮಿ ಇರುವವರು ಎಷ್ಟು ತೆಳ್ಳಗಾದರೂ ನಡು ಸಣ್ಣ ಕಾಣುವುದಿಲ್ಲ. ಜಾಗ ಜಾಸ್ತಿ ಇರುವವರು ಮೈ ತುಂಬಿಕೊಂಡರೂ ನಡುವಿನ ತಿರುವು ಉಳಿಯುತ್ತದೆ. ಈ ಹಂತದಲ್ಲೇ ಪಾತ್ರಗಳು ಬೇರೆಯಾಗಬೇಕು.

ಆಮೇಲೆ ಬೊಜ್ಜು. ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದು ಮುಖ್ಯ. ಗಂಡಸರಲ್ಲಿ ಸಾಮಾನ್ಯವಾಗಿ ಹೊಟ್ಟೆಗೆ ಮೊದಲು ಬರುತ್ತದೆ, ಕಾಲು ಮತ್ತು ಕುಂಡೆ ಹಾಗೇ ಉಳಿಯಬಹುದು. ಹೆಂಗಸರಲ್ಲಿ ಸೊಂಟ, ತೊಡೆ, ಮೇಲ್ತೋಳಿಗೆ ಮೊದಲು. ಮುಟ್ಟು ನಿಂತ ಮೇಲೆ ಹೊಟ್ಟೆಗೂ ಬರುತ್ತದೆ. ಹೊಟ್ಟೆಯಲ್ಲೂ ಎರಡು ಬಗೆ. ಹೊಟ್ಟೆಯ ಸ್ನಾಯುವಿನ ಹಿಂದೆ, ಒಳಗೆ ಸೇರಿದ ಬೊಜ್ಜು ಗಟ್ಟಿಯಾಗಿ ಮುಂದೆ ಉಬ್ಬುತ್ತದೆ, ಮಡಿಕೆ ಬೀಳುವುದಿಲ್ಲ. ಚರ್ಮದ ಕೆಳಗಿನದು ಮೆತ್ತಗೆ ಜೋಲುತ್ತದೆ, ಕೂತಾಗ ಮಡಿಕೆ ಬೀಳುತ್ತದೆ. ಒಂದೇ ತೂಕದ ಇಬ್ಬರು ಗಂಡಸರು ಇಷ್ಟರಿಂದಲೇ ಬೇರೆ ಬೇರೆ ಕಾಣುತ್ತಾರೆ.

ನಮ್ಮ ಕಡೆ ತುಂಬಾ ಕಾಣುವ ಒಂದು ಮೈಕಟ್ಟು ವಿದೇಶಿ ಅನಾಟಮಿ ಪುಸ್ತಕಗಳಲ್ಲಿ ಸಿಗುವುದೇ ಅಪರೂಪ. ಕೈಕಾಲು ಸಣ್ಣ, ಭುಜ ಕಿರಿದು, ಹೊಟ್ಟೆ ಮಾತ್ರ ಮುಂದೆ. ಹಿಂದಿನಿಂದ ನೋಡಿದರೆ ತೆಳ್ಳಗಿನ ಮನುಷ್ಯ. ಪಕ್ಕಕ್ಕೆ ತಿರುಗಿದರೆ ಬೇರೆಯೇ ಆಸಾಮಿ. ಭಾರತೀಯರಲ್ಲಿ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಬೊಜ್ಜು ಸೇರುತ್ತದೆ ಅನ್ನುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಅದಕ್ಕೇ ಇಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 23 ದಾಟಿದರೆ ತೂಕ ಜಾಸ್ತಿ ಅನ್ನುತ್ತಾರೆ, ಬೇರೆ ಹಲವು ಕಡೆ ಆ ಗಡಿ 25. ಇಂಥ ಗುಮಾಸ್ತನನ್ನು, ಮೇಷ್ಟ್ರನ್ನು, ಅಂಗಡಿಯವರನ್ನು ಬರೆಯುವಾಗ ಬೆಲ್ಟ್ ಎಲ್ಲಿದೆ ನೋಡಿ. ಕೆಲವರು ಹೊಟ್ಟೆಯ ಕೆಳಗೆ ಹಾಕುತ್ತಾರೆ, ಆಗ ಪ್ಯಾಂಟು ಹಿಂದೆ ಸಡಿಲವಾಗಿ ಜೋಲುತ್ತದೆ. ಕೆಲವರು ಹೊಟ್ಟೆಯ ಮೇಲೆ ಬಿಗಿಯುತ್ತಾರೆ, ಆಗ ಕಾಲು ಉದ್ದ ಕಾಣುತ್ತದೆ.

ಬೊಜ್ಜು ಅಷ್ಟಾಗಿ ಸೇರದ ಜಾಗಗಳೂ ಇವೆ: ಬೆರಳ ಗೆಣ್ಣು, ಮಣಿಕಟ್ಟು, ಮೊಣಕೈ ತುದಿ, ಮಂಡಿಚಿಪ್ಪು, ಕೆಳಗಾಲಿನ ಮುಂದಿನ ಎಲುಬು, ಹಣೆ. ಮೈ ತುಂಬಾ ದಪ್ಪವಾದಾಗ ಈ ಜಾಗಗಳಲ್ಲಿ ಕೆಲವು ಉಬ್ಬುವ ಬದಲು ಗುಳಿ ಬೀಳುತ್ತವೆ. ಚರ್ಮ ಅಲ್ಲಿ ಎಲುಬಿನ ಹತ್ತಿರ ಬಿಗಿದುಕೊಂಡಿರುತ್ತದೆ, ಸುತ್ತಲಿನದು ಮೇಲೆದ್ದಿರುತ್ತದೆ. ದಪ್ಪ ಅಜ್ಜಿಯ ಕೈಬೆರಳು ಬರೆಯುವಾಗ ಗೆಣ್ಣಿನ ಉಬ್ಬಿಗೆ ಬದಲು ಪುಟ್ಟ ಗುಳಿ ಹಾಕಿ. ಸಣ್ಣ ಗೆರೆ ಅಷ್ಟೇ, ಆದರೆ ಕೈಗೆ ಒಮ್ಮೆಲೇ ತೂಕ ಬರುತ್ತದೆ.

ಮಡಿಕೆಗಳಿಗೂ ತಮ್ಮ ತಮ್ಮ ಜಾಗ ಇದೆ. ಎದೆಯ ಕೆಳಗೆ, ಹೊಕ್ಕುಳಿನ ಮಟ್ಟದಲ್ಲಿ, ಹೊಟ್ಟೆಯ ಕೆಳಗೆ, ಬೆನ್ನಿನಲ್ಲಿ ಪಕ್ಕೆಯ ಹತ್ತಿರ. ಮನಸ್ಸಿಗೆ ಬಂದ ಕಡೆ ಗೆರೆ ಎಳೆದರೆ ಟೈರುಗಳ ರಾಶಿಯಂತೆ ಕಾಣುತ್ತದೆ. ಭಾರ ಕೆಳಕ್ಕೆ ಎಳೆಯುವುದನ್ನೂ ಮರೆಯಬೇಡಿ. ನಿಂತಾಗ ಕೆಳಗೆ ಜೋತ ಹೊಟ್ಟೆ ಅಂಗಾತ ಮಲಗಿದಾಗ ಪಕ್ಕಕ್ಕೆ ಹರಡುತ್ತದೆ. ಕೈ ಮೇಲೆತ್ತಿದಾಗ ಎದೆ, ಪಕ್ಕೆ ಎರಡೂ ಮೇಲಕ್ಕೆಳೆಯುತ್ತವೆ. ದೊಡ್ಡ ಹೊಟ್ಟೆ ಹೊತ್ತವರು ಬೀಳದಿರಲು ಭುಜವನ್ನು ಹಿಂದಕ್ಕೆ ವಾಲಿಸುತ್ತಾರೆ. ಕೆಳಬೆನ್ನು ಒಳಗೆ ಬಾಗುತ್ತದೆ, ಪಾದ ಹೊರಗೆ ತಿರುಗುತ್ತದೆ, ಹೆಜ್ಜೆ ಅಗಲವಾಗುತ್ತದೆ. ತುಂಬು ಗರ್ಭಿಣಿಯದ್ದೂ ಇದೇ ನಿಲುವು.

ಇದನ್ನೆಲ್ಲ ಒಂದೇ ಕಡೆ ಅಭ್ಯಾಸ ಮಾಡಬೇಕಾದರೆ ಸೀರೆ ಉಟ್ಟ, ಮೈ ತುಂಬಿದ ಮಧ್ಯವಯಸ್ಸಿನ ಹೆಂಗಸನ್ನು ಬರೆಯಿರಿ. ನೆರಿಗೆ ಹೊಟ್ಟೆಯ ಉಬ್ಬಿನಿಂದ ನೇರ ಕೆಳಗೆ ಬೀಳುತ್ತದೆ, ತೊಡೆಗೆ ತಾಗುವುದೇ ಇಲ್ಲ. ತೆಳ್ಳಗಿನವರಲ್ಲಿ ನಡೆಯುವಾಗ ಮಂಡಿಯ ಆಕಾರ ನೆರಿಗೆಯ ಮೇಲೆ ಮೂಡುತ್ತದೆ, ಇವರಲ್ಲಿ ಅಷ್ಟು ಮೂಡುವುದಿಲ್ಲ. ರವಿಕೆಯ ತೋಳಿನ ಅಂಚು ಮೇಲ್ತೋಳನ್ನು ಒತ್ತುತ್ತದೆ, ಕೆಳಗೆ ಮಾಂಸ ಸ್ವಲ್ಪ ಉಬ್ಬುತ್ತದೆ. ಪಕ್ಕದಲ್ಲಿ ರವಿಕೆಗೂ ಸೀರೆಗೂ ನಡುವಿನ ಮಡಿಕೆ ಸೀರೆಯ ಅಂಚಿನ ಮೇಲೆ ಬಂದು ಕೂರುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರೆ ಆ ಮಡಿಕೆ ಎರಡಾಗುತ್ತದೆ. ಬಟ್ಟೆಯೇ ಮೈಯ ಕಥೆ ಹೇಳುತ್ತಿರುತ್ತದೆ.

ಮಾಂಸಖಂಡದ ವಿಷಯಕ್ಕೆ ಬಂದರೆ, ಜಿಮ್ಮಿನ ಮೈಗೂ ಕೆಲಸದ ಮೈಗೂ ಬಹಳ ಅಂತರ ಇದೆ. ಸ್ಪರ್ಧೆಗೆ ನಿಲ್ಲುವ ಬಾಡಿಬಿಲ್ಡರ್ ಬೊಜ್ಜು, ನೀರು ಎಲ್ಲ ಇಳಿಸಿಕೊಂಡು ಬಂದಿರುತ್ತಾನೆ. ಅದು ಸ್ಪರ್ಧೆಯ ಹೊತ್ತಿನ ಮೈ, ವರ್ಷವಿಡೀ ಹಾಗಿರುವುದಿಲ್ಲ. ಮೈಸೂರು ದಸರೆಯ ಕುಸ್ತಿ ಅಖಾಡದಲ್ಲಿ ಪೈಲ್ವಾನರನ್ನು ನೋಡಿ. ಕತ್ತು ತಲೆಯಷ್ಟೇ ಅಗಲ. ನಡು ದಪ್ಪ. ಹೊಟ್ಟೆ ಚಪ್ಪಟೆ ಇರಲೇಬೇಕು ಅಂತೇನಿಲ್ಲ. ತೊಡೆ ಭಾರಿ. ಉಜ್ಜಿ ಉಜ್ಜಿ ಕಿವಿ ಮುದುಡಿರುತ್ತದೆ. ಸಿಕ್ಸ್‌ಪ್ಯಾಕ್ ಕಾಣದಿದ್ದರೂ ಆ ಶಕ್ತಿಯ ಬಗ್ಗೆ ಯಾರಿಗೂ ಅನುಮಾನ ಬರುವುದಿಲ್ಲ. ಕರಾವಳಿಯ ಕಂಬಳದಲ್ಲಿ ಕೋಣದ ಹಿಂದೆ ಓಡುವವರ ಮೈ ಇದಕ್ಕೆ ಪೂರ್ತಿ ಬೇರೆ, ಹಗುರ ಮತ್ತು ಬಿಗಿ. ಇಬ್ಬರೂ ಬಲಶಾಲಿಗಳೇ. ನಿಮ್ಮ ವೀರನಿಗೆ ಯಾವ ಬಲ ಅಂತ ಮೊದಲು ಕೇಳಿಕೊಳ್ಳಿ.

ವಯಸ್ಸು ಮೈಯನ್ನು ಬೇರೆ ರೀತಿಯಲ್ಲಿ ಬದಲಿಸುತ್ತದೆ. ಸುಮ್ನೆ ಮುಖಕ್ಕೆ ನಾಲ್ಕು ಗೆರೆ ಎಳೆದರೆ ಅಜ್ಜಿ ಆಗುವುದಿಲ್ಲ. ಬೆನ್ನುಮೂಳೆಯ ನಡುವಿನ ಮೆತ್ತೆಗಳು ಸವೆದು ಎತ್ತರ ಕಮ್ಮಿಯಾಗುತ್ತದೆ. ಮೇಲ್ಬೆನ್ನು ಬಾಗುತ್ತದೆ, ತಲೆ ಮುಂದೆ ಬರುತ್ತದೆ, ಮಂಡಿ ಪೂರ್ತಿ ನೆಟ್ಟಗಾಗುವುದಿಲ್ಲ. ಕೈಯ ಉದ್ದ ಮೊದಲಿನಷ್ಟೇ ಇರುವುದರಿಂದ ಕೈ ಉದ್ದವಾದಂತೆ ಕಾಣುತ್ತದೆ. ಹದಿಹರೆಯದಲ್ಲಿ ಇನ್ನೊಂದು ವಿಚಿತ್ರ. ಪಾದ, ಅಂಗೈ ಮೊದಲು ಬೆಳೆಯುತ್ತವೆ, ಆಮೇಲೆ ಕಾಲು, ಕೊನೆಗೆ ಮುಂಡ. ಪಿಯುಸಿ ಹುಡುಗನಿಗೆ ದೊಡ್ಡ ಚಪ್ಪಲಿ, ಉದ್ದ ಕಾಲು, ಇನ್ನೂ ತುಂಬದ ಎದೆ ಕೊಟ್ಟರೆ ಮೀಸೆ ಬರೆಯದೆಯೂ ವಯಸ್ಸು ಗೊತ್ತಾಗುತ್ತದೆ.

ಕುಬ್ಜ ದೇಹದ ಪಾತ್ರಗಳಲ್ಲಿ ಜಾಸ್ತಿ ಆಗುವ ತಪ್ಪು ಅವರನ್ನು ಮಕ್ಕಳಂತೆ ಬರೆಯುವುದು. ಹೆಚ್ಚಾಗಿ ಕಾಣುವ ಬಗೆ ಅಕಾಂಡ್ರೋಪ್ಲೇಸಿಯಾ. ಅದರಲ್ಲಿ ಮುಂಡ ಬಹುಮಟ್ಟಿಗೆ ಬೇರೆ ದೊಡ್ಡವರಷ್ಟೇ ಇರುತ್ತದೆ. ಗಿಡ್ಡವಾಗುವುದು ಕೈಕಾಲು, ಅದರಲ್ಲೂ ಮೇಲ್ತೋಳು ಮತ್ತು ತೊಡೆ. ಹಣೆ ಮುಂದೆ ಬಂದಿರುತ್ತದೆ, ಕೆಳಬೆನ್ನಿನ ಬಾಗು ಜಾಸ್ತಿ, ಮೊಣಕೈ ಪೂರ್ತಿ ನೆಟ್ಟಗಾಗುವುದಿಲ್ಲ. ಗಂಡಸರ ಸರಾಸರಿ ಎತ್ತರ ಸುಮಾರು 131 ಸೆಂಟಿಮೀಟರ್, ಹೆಂಗಸರದ್ದು ಸುಮಾರು 124. ಗಾಲಿಕುರ್ಚಿಯ ಪಾತ್ರಕ್ಕೂ ಇದೇ ಗಮನ ಬೇಕು. ದಿನವೂ ತಾವೇ ಚಕ್ರ ತಳ್ಳುವವರ ಭುಜ, ತೋಳು ಬಲವಾಗಿರುತ್ತವೆ, ಕಾಲು ತೆಳ್ಳಗಿರಬಹುದು. ಅವರ ಅಳತೆಗೆ ಮಾಡಿದ ಕುರ್ಚಿಯ ಬೆನ್ನು ಗಿಡ್ಡ, ಚಕ್ರ ಕೈಗೆಟುಕುವಷ್ಟು ಹತ್ತಿರ. ಆಸ್ಪತ್ರೆಯ ವರಾಂಡದಲ್ಲಿರುವ ಅಗಲ ಕುರ್ಚಿಯಲ್ಲಿ ಕೂರಿಸಿದರೆ ಆ ಪಾತ್ರವನ್ನು ರೋಗಿ ಮಾಡಿಬಿಟ್ಟಿರಿ ಅಂತಲೇ ಅರ್ಥ.

ನೋಡಿ ಬರೆಯುವುದು

ಮೇಲಿನ ಇಷ್ಟು ವಿವರವೂ ಕೂತಲ್ಲೇ ಹೊಳೆಯುವುದಿಲ್ಲ. ಕಣ್ಣಾರೆ ನೋಡಬೇಕು.

ಚಿತ್ರಕಲಾ ಶಾಲೆಯ ಲೈಫ್ ಸ್ಟಡಿ ಕ್ಲಾಸಿನಲ್ಲಿ ಮಾಡೆಲ್ ಅಲುಗಾಡದೆ ಕೂರುತ್ತಾರೆ, ಬೆಳಕು ಒಂದೇ ಕಡೆಯಿಂದ ಬರುತ್ತದೆ, ತಿದ್ದುವ ಮೇಷ್ಟ್ರು ಇರುತ್ತಾರೆ. ಎಲುಬು, ಮಾಂಸದ ನಂಟು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೊರತೆ ಅಂದರೆ ಒಂದೆರಡು ಮೈಗಳನ್ನೇ ಮತ್ತೆ ಮತ್ತೆ ನೋಡುತ್ತೇವೆ. ಕೆ.ಆರ್. ಮಾರ್ಕೆಟ್ಟು, ಬಸ್ ಸ್ಟ್ಯಾಂಡು, ಜಾತ್ರೆಯಲ್ಲಿ ಅರ್ಧ ಗಂಟೆ ನಿಂತರೆ ಹತ್ತಾರು ಬಗೆ ಸಿಗುತ್ತವೆ. ಅಲ್ಲಿ ಯಾರೂ ನಿಮಗಾಗಿ ನಿಲ್ಲುವುದಿಲ್ಲ. ಹಾಗಾಗಿ ಪೂರ್ತಿ ಮೈ ಬರೆಯಲು ಹೋಗಬೇಡಿ. ಒಬ್ಬರಿಂದ ಒಂದೇ ವಿಷಯ ತೆಗೆದುಕೊಳ್ಳಿ. ಮೂಟೆ ಹೊತ್ತವರ ಕತ್ತು ಮತ್ತು ಬೆನ್ನಿನ ಗೆರೆ. ಹೂ ಮಾರುವವರು ಕುಕ್ಕರಗಾಲಲ್ಲಿ ಕೂತಾಗ ತೊಡೆಯ ಮೇಲೆ ಒರಗುವ ಹೊಟ್ಟೆ. ಬಸ್ಸಿನ ಕಂಬಿ ಹಿಡಿದ ತೋಳು. ಐದು ಸೆಕೆಂಡು ನೋಡಿ, ತಲೆ ತಗ್ಗಿಸಿ, ನೆನಪಿನಿಂದ ಬರೆಯಿರಿ. ಯಾರನ್ನೂ ದಿಟ್ಟಿಸಿ ಮುಜುಗರ ಮಾಡಬೇಡಿ. ಮುಖದ ಹೋಲಿಕೆ ನಿಮಗೆ ಬೇಕಾಗಿಲ್ಲ, ಆ ಸ್ಕೆಚ್ಚನ್ನು ಎಲ್ಲೂ ಹಾಕುವ ಅಗತ್ಯವೂ ಇಲ್ಲ.

ಊರ ಜನರನ್ನು ನೋಡಿ ಕೆತ್ತಿದವರ ಕೈ ಹೇಗಿರುತ್ತದೆ ಅಂತ ಅನಿಸಿದರೆ ಬಾದಾಮಿಗೆ ಹೋದಾಗ ಗುಹೆಗಳ ಅಡಿಪಟ್ಟಿಯನ್ನು ಬಗ್ಗಿ ನೋಡಿ. ಮೇಲೆ ದೇವರುಗಳು ಶಾಸ್ತ್ರದ ಅಳತೆಯಲ್ಲಿ ನಿಂತಿದ್ದಾರೆ. ಕೆಳಗೆ ಗಣಗಳು ಗುಡಾಣ ಹೊಟ್ಟೆ, ಗಿಡ್ಡ ಕಾಲು ಹೊತ್ತು ಕುಣಿಯುತ್ತಿದ್ದಾರೆ. ಒಬ್ಬನ ಭಂಗಿಯಂತೆ ಇನ್ನೊಬ್ಬನದಿಲ್ಲ. ಆರನೇ ಶತಮಾನದ ಆ ಶಿಲ್ಪಿಗಳು ಯಾವುದೋ ಜೀವಂತ ಮೈಯನ್ನು ನೋಡದೆ ಆ ಹೊಟ್ಟೆಗಳ ತೂಕವನ್ನು ಕಲ್ಲಿಗೆ ತಂದಿರಲಾರರು ಅಂತ ನನಗೆ ಅನಿಸುತ್ತದೆ.

ಫೋಟೋ ಇದರ ಅಗ್ಗದ ಬದಲಿ. ಅಡೊರ್ಕಾಸ್ಟಾಕ್ ಅನ್ನುವ ತಾಣದಲ್ಲಿ ದಪ್ಪ, ತೆಳ್ಳಗೆ, ಬೇರೆ ಬೇರೆ ಮೈಬಣ್ಣದ ಮಾಡೆಲ್‌ಗಳ ಪೋಸ್‌ಗಳಿವೆ. ಲೈನ್ ಆಫ್ ಆ್ಯಕ್ಷನ್ ಅನ್ನುವ ತಾಣದಲ್ಲಿ ಸಮಯ ಇಟ್ಟುಕೊಂಡು ಗೆಶ್ಚರ್ ಅಭ್ಯಾಸ, ಅಂದರೆ ಭಂಗಿಯನ್ನು ಬೇಗ ಬೇಗ ಗೀಚುವ ಅಭ್ಯಾಸ ಮಾಡಬಹುದು. ಜಾಹೀರಾತಿನ ಚಿತ್ರಗಳನ್ನು ಮಾತ್ರ ನಂಬಬೇಡಿ, ಅಲ್ಲಿನ ಮೈ ಆಯ್ದದ್ದು ಮತ್ತು ತಿದ್ದಿದ್ದು. ನೀವೇ ಫೋಟೋ ತೆಗೆಯುವುದಾದರೆ ದೂರ ನಿಂತು ಸ್ವಲ್ಪ ಜೂಮ್ ಮಾಡಿ, ಮೊಬೈಲನ್ನು ಸೊಂಟದ ಮಟ್ಟದಲ್ಲಿ ಹಿಡಿಯಿರಿ. ಹತ್ತಿರದಿಂದ ಕಣ್ಣಿನ ಮಟ್ಟದಲ್ಲಿ ತೆಗೆದರೆ ತಲೆ ದೊಡ್ಡದು, ಕಾಲು ಗಿಡ್ಡ ಬರುತ್ತದೆ. ಅದನ್ನೇ ನಕಲು ಮಾಡಿದರೆ ತಪ್ಪು ನಿಮ್ಮ ಚಿತ್ರಕ್ಕೂ ಬರುತ್ತದೆ.

ತ್ರೀಡಿ ಗೊಂಬೆ

ಮನುಷ್ಯರ ಮೈ ಮಾಡಿಕೊಡುವ ಮೇಕ್‌ಹ್ಯೂಮನ್ ಅನ್ನುವ ಸಾಫ್ಟ್‌ವೇರ್ ಉಚಿತ. ವಯಸ್ಸು, ತೂಕ, ಮಾಂಸಖಂಡ, ಎತ್ತರ ಎಲ್ಲಕ್ಕೂ ಸ್ಲೈಡರ್ ಇದೆ. ಮಾಡಿದ ಮೈಯನ್ನು ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರಿಗೆ ಒಯ್ದು ಬೇಕಾದ ಕೋನದಿಂದ ನೋಡಬಹುದು. ಚಿತ್ರ ಬರೆಯುವ ಸಾಫ್ಟ್‌ವೇರ್ ಕ್ಲಿಪ್ ಸ್ಟುಡಿಯೋ ಪೇಂಟ್ ಬಳಸುವವರಿಗೆ ಅದರೊಳಗೇ ಗೊಂಬೆ ಸಿಗುತ್ತದೆ, ತಲೆ ಮತ್ತು ಮೈಯ ಅನುಪಾತವನ್ನೂ ಬದಲಿಸಬಹುದು. ಕಷ್ಟದ ಕೋನಕ್ಕೆ, ಬೆಳಕು ನೆರಳಿಗೆ, ಒಂದೇ ಪಾತ್ರವನ್ನು ನೂರು ಸಲ ಬರೆಯಬೇಕಾದ ಕಾಮಿಕ್ಸಿಗೆ ಇದು ನಿಜಕ್ಕೂ ದೊಡ್ಡ ಸಹಾಯ.

ಮೈಕಟ್ಟಿನ ವೈವಿಧ್ಯಕ್ಕೆ ಮಾತ್ರ ಇದನ್ನೇ ನೆಚ್ಚಿಕೊಳ್ಳಬಾರದು. ತೂಕದ ಸ್ಲೈಡರ್ ಎಳೆದರೆ ಮೈಯೆಲ್ಲ ಒಟ್ಟಿಗೆ ಉಬ್ಬುತ್ತದೆ. ಸಣ್ಣ ಕೈಕಾಲು, ದೊಡ್ಡ ಹೊಟ್ಟೆ ಬೇಕಾದರೆ ಒಂದೊಂದೇ ಭಾಗ ಹುಡುಕಿ ತಿದ್ದಬೇಕು. ಕೂತಾಗ ಹೊಟ್ಟೆ ತೊಡೆಯ ಮೇಲೆ ಒರಗುವುದಿಲ್ಲ, ಒಂದರೊಳಗೊಂದು ತೂರಿಹೋಗುತ್ತದೆ. ಮೇಕ್‌ಹ್ಯೂಮನ್ನಿನ ಜನಾಂಗದ ಸ್ಲೈಡರುಗಳು ಮೂರೇ: ಆಫ್ರಿಕನ್, ಏಷ್ಯನ್, ಕಾಕೇಷಿಯನ್. ಹುಬ್ಬಳ್ಳಿಯ ಒಬ್ಬ ಹೆಂಗಸನ್ನು ಈ ಮೂರರ ಮಿಶ್ರಣದಲ್ಲಿ ಹುಡುಕಬೇಕು. ಸಂಶೋಧನೆಯಲ್ಲಿ ಬಹಳ ಬಳಕೆಯಲ್ಲಿರುವ ಎಸ್‌ಎಂಪಿಎಲ್ ಅನ್ನುವ ಕಂಪ್ಯೂಟರಿನ ದೇಹ ಮಾದರಿಗೆ ಮೈಯ ಆಕಾರ ಕಲಿಸಿದ್ದೂ ಅಮೆರಿಕ, ಯುರೋಪಿನ ಜನರ ಸ್ಕ್ಯಾನುಗಳಿಂದ. ನಮ್ಮಲ್ಲೂ ಇಂಥ ಕೆಲಸ ನಡೆದಿದೆ. ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ ಬಟ್ಟೆಯ ಸೈಜ್ ಚಾರ್ಟಿಗಾಗಿ ಆರು ನಗರಗಳಲ್ಲಿ 25,000 ಜನರ ಮೈಯನ್ನು ಸ್ಕ್ಯಾನ್ ಮಾಡುವ ಯೋಜನೆ ಹಾಕಿಕೊಂಡಿತು, ಬೆಂಗಳೂರೂ ಅದರಲ್ಲಿ ಒಂದು. ಚಿತ್ರ ಬರೆಯುವವರಿಗೂ ಇಂಥ ಅಳತೆಗಳು ಉಪಯೋಗಕ್ಕೆ ಬರುತ್ತವೆ.

ನಿಮ್ಮ ಕೆಲಸಕ್ಕೆ ಯಾವುದು

ಮಕ್ಕಳ ಪುಸ್ತಕಕ್ಕೆ ಬರೆಯುವವರು ಆಕಾರದ ಭಾಷೆಯಿಂದ ಶುರು ಮಾಡಿ, ವಯಸ್ಸಿಗೆ ತಲೆ ಲೆಕ್ಕ ಸೇರಿಸಿದರೆ ಸಾಕು. ಆದರೆ ಯಾವ ಆಕಾರ ಯಾವ ಪಾತ್ರಕ್ಕೆ ಅನ್ನುವುದನ್ನು ಅಳೆದು ತೂಗಿ ಕೊಡಿ.

ದೊಡ್ಡವರ ಕಾಮಿಕ್ಸ್ ಅಥವಾ ಗ್ರಾಫಿಕ್ ಕಾದಂಬರಿ ಮಾಡುವವರಿಗೆ ಎಲುಬಿನ ದಾರಿ ತಪ್ಪಿದ್ದಲ್ಲ. ನೂರಾರು ಪುಟ ಪಾತ್ರ ಕೂರುತ್ತದೆ, ಓಡುತ್ತದೆ, ಮಲಗುತ್ತದೆ. ಮಾಂಸ ಎಲ್ಲಿ ಹೋಗುತ್ತದೆ ಅಂತ ಗೊತ್ತಿಲ್ಲದಿದ್ದರೆ ಪ್ರತಿ ಫ್ರೇಮಿನಲ್ಲೂ ಮೈ ಬೇರೆಯಾಗುತ್ತದೆ. ಮೊದಲು ಪಾತ್ರವನ್ನು ಕೈಯಲ್ಲಿ ಕಟ್ಟಿ. ಆ ಅಳತೆಗೆ ಹೊಂದುವ ತ್ರೀಡಿ ಗೊಂಬೆಯನ್ನು ಆಮೇಲೆ ಮಾಡಿಕೊಳ್ಳಿ. ಗೊಂಬೆಯಿಂದ ಪಾತ್ರಕ್ಕೆ ಬಂದರೆ ಎಲ್ಲರೂ ಅಣ್ಣತಮ್ಮಂದಿರಾಗುತ್ತಾರೆ.

ಗೇಮ್, ಆನಿಮೇಷನ್ ತಂಡದಲ್ಲಿ ಇರುವವರಿಗೆ ತಲೆ ಲೆಕ್ಕದ ಚಾರ್ಟು ಬೇಕೇ ಬೇಕು. ನಿಮ್ಮ ಚಿತ್ರವನ್ನು ಹತ್ತು ಜನ ಮತ್ತೆ ಬರೆಯುತ್ತಾರೆ. ಆ ಶೀಟಿನಲ್ಲಿ ನಿಂತ ಭಂಗಿಯ ಮುಂದೆ, ಪಕ್ಕ, ಹಿಂದೆ ಅಷ್ಟನ್ನೇ ಕೊಡಬೇಡಿ. ಕೂತ ಭಂಗಿ, ಬಗ್ಗಿದ ಭಂಗಿ, ಕೈ ಮೇಲೆತ್ತಿದ ಭಂಗಿ ಮೂರನ್ನೂ ಸೇರಿಸಿ. ದಪ್ಪ ಪಾತ್ರಗಳು ಬೇರೆಯವರ ಕೈಯಲ್ಲಿ ಕೆಡುವುದು ಬಹುಪಾಲು ಈ ಮೂರರಲ್ಲೇ.

ಈಗಷ್ಟೇ ಕಲಿಯುತ್ತಿರುವವರು, ಕಾಸು ಖರ್ಚು ಮಾಡಲಾಗದವರು ಯೋಚನೆ ಮಾಡಬೇಕಿಲ್ಲ. ಅಗ್ಗದ ನೋಟ್‌ಬುಕ್ಕು, ಬಾಲ್ ಪೆನ್ನು ಸಾಕು. ಮನೆಯವರಿಂದಲೇ ಶುರು ಮಾಡಿ. ಅಪ್ಪ ಪೇಪರ್ ಓದುವಾಗ, ಅತ್ತೆ ತರಕಾರಿ ಹೆಚ್ಚುವಾಗ, ತಂಗಿ ಮೊಬೈಲ್ ಹಿಡಿದು ಮಂಚದ ಮೇಲೆ ಮಲಗಿದಾಗ ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ನಾಲ್ಕು ಎದೆಗೂಡು, ನಾಲ್ಕು ಸೊಂಟ ಇರುತ್ತವೆ ಅಲ್ವಾ? ಮೊದಲ ವಾರ ಆ ಎರಡು ಗಟ್ಟಿ ಭಾಗಗಳನ್ನು ಮಾತ್ರ ಹಾಕಿ, ಮುಖ ಬಿಡಿ. ಎರಡನೇ ವಾರ ಅದರ ಮೇಲೆ ಮಾಂಸ, ಆಮೇಲೆ ಬಟ್ಟೆ. ಬರೆದ ಪುಟಗಳನ್ನು ಕಪ್ಪು ತುಂಬಿ ಮನೆಯವರ ಮುಂದೆ ಇಡಿ. ಯಾರ್ಯಾರು ಅಂತ ಅವರೇ ಗುರುತಿಸಿದರೆ ಮಾರ್ಕೆಟ್ಟಿಗೆ ಹೊರಡಬಹುದು.